ವಿವಾಹ ದಾಖಲೆಯಲ್ಲಿ ತಾಯಿಯ ಹೆಸರು: ವಸಾಹತು ಕಾಲದ ಎರಡು ವಂಶಚರಿತ್ರೆಗಳಿಂದ ಒಂದು ಪಾಠ

ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಮದುವೆಯ ಮುನ್ನ ವಧೂವರರ ದೀಕ್ಷಾಸ್ನಾನದ ಪತ್ರ ಕೇಳುವುದು ನಿತ್ಯದ ಕೆಲಸ. ಮುದಗಲ್ಲಿನ ಹಳೆಯ ಕಥೋಲಿಕ ಮನೆತನಗಳ ವಿಷಯದಲ್ಲಿ ಅದು ಕಷ್ಟವಲ್ಲ. ಅಜ್ಜನ ಹೆಸರು ಹೇಳಿದರೆ ಮೊಮ್ಮಗಳ ಗುರುತು ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡು ನೆಲೆಸಿದವರ ವಿಷಯದಲ್ಲಿ ಪತ್ರಗಳು ದೂರದ ಊರುಗಳಿಂದ ಬರಬೇಕು. ಹೀಗೆ ಬಂದ ಹಳೆಯ ಪತ್ರಗಳಲ್ಲಿ ತಂದೆಯ ಹೆಸರು ತಪ್ಪದೆ ಇರುತ್ತದೆ. ತಾಯಿಯ ಹೆಸರು ಕೆಲವೊಮ್ಮೆ ಇರುವುದಿಲ್ಲ, ಇದ್ದರೂ ಅರ್ಧ ಇರುತ್ತದೆ. ನಾವು ಅದನ್ನು ಗುಮಾಸ್ತಿಕೆಯ ಕೊರತೆಯೆಂದು ತಿಳಿದು ಮುಂದೆ ಸಾಗುತ್ತೇವೆ.

ಅದು ಗುಮಾಸ್ತಿಕೆಯ ಕೊರತೆ ಮಾತ್ರವೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಸಾಹತು ಕಾಲದ ಎರಡು ಕುಟುಂಬಗಳ ವಿವಾಹ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ. ಒಂದು ನಮ್ಮ ರಾಯಚೂರು ದೋಆಬಿಗೆ ಬಂದು ಮುಟ್ಟುವ ಪಾಲ್ಮರ್ ಕುಟುಂಬ. ಇನ್ನೊಂದು ಅದಕ್ಕಿಂತ ಒಂದು ಶತಮಾನ ಹಿಂದೆ ಡಚ್ಚರ ಬಟಾವಿಯದಲ್ಲಿ ಬಾಳಿದ ಕೊರ್ನೇಲಿಯಾ ಎಂಬಾಕೆಯ ಕುಟುಂಬ. ಮೊದಲನೆಯದರಲ್ಲಿ ದಾಖಲೆಯಿಲ್ಲದ ಬಾಂಧವ್ಯವೊಂದು ಕೊನೆಯವರೆಗೂ ಉಳಿಯಿತು. ಎರಡನೆಯದರಲ್ಲಿ ದಾಖಲೆ ಸರಿಯಾಗಿದ್ದ ಮದುವೆ ಹೆಣ್ಣೊಬ್ಬಳನ್ನು ಬರಿಗೈ ಮಾಡಹೊರಟಿತು. ಈ ವೈರುಧ್ಯವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಹೇಗೆ ಓದಬೇಕು?

1. ಲಿಂಗಸುಗೂರಿನ ದಂಡು ಮತ್ತು ಮೇರಿ ಪಾಲ್ಮರ್

ಇಂದು ತಾಲ್ಲೂಕು ಕೇಂದ್ರವಾಗಿರುವ ಲಿಂಗಸುಗೂರು 1905ರವರೆಗೆ ನಿಜಾಮ ರಾಜ್ಯದ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಅದಕ್ಕೂ ಮೊದಲು ಅದು ಹೈದರಾಬಾದ್ ಕಂಟಿಂಜೆಂಟ್ ಸೇನೆಯ ದಂಡು. ನಿಜಾಮನ ಖರ್ಚಿನಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ಸೇನೆ ಅದು. ಅದರ ಬಾಕಿ ಬೆಳೆದು 1853ರ ಒಪ್ಪಂದವಾಯಿತು. ರಾಯಚೂರು ದೋಆಬ್ 1860ರವರೆಗೆ ಬ್ರಿಟಿಷ್ ಆಡಳಿತಕ್ಕೆ ಒಳಪಟ್ಟಿತು. ಆ ಕಾಲದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಪ್ರಾಯದಲ್ಲಿ ವ್ಯಾಪಾರಿಯೊಬ್ಬನ ಕೈಕೆಳಗೆ ಕೆಲಸಕ್ಕೆಂದು ಮುಂಬಯಿಗೆ ಬಂದು, 1824ರಲ್ಲಿ ನಿಜಾಮನ ಸೇನೆ ಸೇರಿದ ಟೇಲರ್ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡನು. ಅಲ್ಲಿಯ ಬಾಲಕ ದೊರೆ ವೆಂಕಟಪ್ಪ ನಾಯಕನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದುದನ್ನು ನಮ್ಮ ಭಾಗದವರು ಇಂದಿಗೂ ನೆನೆಯುತ್ತಾರೆ. ನಮ್ಮ ಮುದಗಲ್ಲಿನ ಪ್ರಾಚೀನ ಕ್ರೈಸ್ತ ಸಮುದಾಯವೂ ಆತನ ಕಣ್ಣಿಗೆ ಬಿದ್ದಿತ್ತು. ಮರಣಾನಂತರ 1878ರಲ್ಲಿ ಪ್ರಕಟವಾದ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಆ ಸಮುದಾಯಕ್ಕೆ ಸ್ಥಾನವಿದೆ.

ಟೇಲರನ ಆತ್ಮಕಥನವು ಮಗಳ ಸಂಪಾದಕತ್ವದಲ್ಲಿ 1877ರಲ್ಲಿ ಹೊರಬಂದಿತು. ಅದರಲ್ಲಿ ರಾಜಕಾರಣ, ಕೆರೆಕಟ್ಟೆ, ರಸ್ತೆ, ದಂಗೆಗಳ ವಿವರ ಹೇರಳವಾಗಿದೆ. ಹೆಂಡತಿಗೆ ದೊರೆತ ಜಾಗ ಚಿಕ್ಕದು. ಆಕೆಯ ಹೆಸರು ಮೇರಿ ಪಾಲ್ಮರ್. ಹೈದರಾಬಾದಿನ ವರ್ತಕ ವಿಲಿಯಂ ಪಾಲ್ಮರನ ಮಗಳು. ಚರಿತ್ರೆಯ ಪುಸ್ತಕಗಳಲ್ಲಿ ಆಕೆಯ ಪರಿಚಯ ಬಹುಪಾಲು ಇಷ್ಟಕ್ಕೇ ಮುಗಿಯುತ್ತದೆ: ಇಂಥವನ ಮಗಳು, ಇಂಥವನ ಹೆಂಡತಿ. ಆದರೆ ‘ಇಂಥವನ ಮಗಳು’ ಎಂಬ ಮಾತಿನಿಂದಲೇ ಹಿಂದಕ್ಕೆ ಹೆಜ್ಜೆಯಿಟ್ಟರೆ ಬೇರೊಂದು ಲೋಕ ತೆರೆದುಕೊಳ್ಳುತ್ತದೆ.

ವಿಲಿಯಂ ಪಾಲ್ಮರ್ 1780ರಲ್ಲಿ ಹುಟ್ಟಿದವನು. ತಂದೆ ಆಂಗ್ಲ ಸೇನಾಧಿಕಾರಿ, ತಾಯಿ ಮುಸ್ಲಿಂ ಮನೆತನದ ಹೆಣ್ಣು. ಇಂಗ್ಲೆಂಡಿನಲ್ಲಿ ಓದಿ ಬಂದರೂ ಆತನಿಗೆ ಕಂಪನಿಯ ನೌಕರಿಯ ಬಾಗಿಲು ಮುಚ್ಚಿತ್ತು. ಭಾರತೀಯ ತಾಯಂದಿರ ಮಕ್ಕಳನ್ನು ಕಂಪನಿಯ ಸೇವೆಯಿಂದ ಹೊರಗಿಡುವ ನಿಯಮ 1791ರಿಂದ ಜಾರಿಯಲ್ಲಿತ್ತು. ನೌಕರಿಗೆ ತಡೆಯೊಡ್ಡುವಾಗ ತಾಯಿ ಯಾರೆಂದು ಕೂಲಂಕಷವಾಗಿ ವಿಚಾರಿಸುತ್ತಿದ್ದ ವ್ಯವಸ್ಥೆ, ವಂಶದ ಗೌರವ ಬರೆಯುವಾಗ ಆಕೆಯ ಹೆಸರನ್ನು ಮರೆಯುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ವಿಲಿಯಂ ನಿಜಾಮನ ಸೇನೆ ಸೇರಿದನು. ಬಳಿಕ ಪಾಲ್ಮರ್ ಕಂಪನಿಯೆಂಬ ಲೇವಾದೇವಿ ಸಂಸ್ಥೆ ಕಟ್ಟಿದನು. ನಿಜಾಮನ ಸರ್ಕಾರಕ್ಕೆ ಕೊಟ್ಟ ಭಾರಿ ಸಾಲಗಳ ವಿವಾದದಲ್ಲಿ ರೆಸಿಡೆಂಟ್ ಚಾರ್ಲ್ಸ್ ಮೆಟ್ಕಾಫನ ವಿರೋಧ ಕಟ್ಟಿಕೊಂಡ ಆ ಸಂಸ್ಥೆ 1824ರಲ್ಲಿ ದಿವಾಳಿಯಾಯಿತು. ಟೇಲರ್ ನಿಜಾಮನ ಸೇವೆಗೆ ಕಾಲಿಟ್ಟ ವರ್ಷವೂ ಅದೇ. ಹೀಗೆ ಸಿರಿ ಕಳೆದುಕೊಂಡರೂ ಗೌರವ ಉಳಿಸಿಕೊಂಡಿದ್ದ ಮನೆಯ ಮಗಳನ್ನು ಟೇಲರ್ 1830ರ ದಶಕದ ಆರಂಭದಲ್ಲಿ ವರಿಸಿದನು. ವಿಲಿಯಂ 1867ರವರೆಗೆ ಬದುಕಿದ್ದನು.

2. ಫೈಜ್ ಬಕ್ಷ್: ದಾಖಲೆಯಿಲ್ಲದ ಬಾಂಧವ್ಯ

ಮೇರಿಯ ಅಜ್ಜಿಯ ಹೆಸರು ಫೈಜ್ ಬಕ್ಷ್. ಪರ್ಷಿಯಾ ಮೂಲದ ಅಶ್ವದಳದ ಅಧಿಕಾರಿಯೊಬ್ಬನ ಮಗಳೆಂದು ಆಕೆಯ ಬಗ್ಗೆ ಹೇಳಲಾಗಿದೆ. ಲಖನೌದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿಯೂ ಮುಂದೆ ಪುಣೆಯ ರೆಸಿಡೆಂಟನಾಗಿಯೂ ಇದ್ದ ಜನರಲ್ ವಿಲಿಯಂ ಪಾಲ್ಮರನೊಂದಿಗೆ ಆಕೆ ಬಾಳಿದಳು. ಆತನ ಮಕ್ಕಳ ತಾಯಿಯಾದಳು. ಮೊಘಲ್ ಬಾದಶಹ ಎರಡನೆಯ ಷಾ ಆಲಂ ಆಕೆಗೆ ಬೇಗಂ ಪದವಿ ನೀಡಿದನು. 1785ರ ಸುಮಾರಿನಲ್ಲಿ ಚಿತ್ರಿತವಾದ ಈ ಕುಟುಂಬದ ತೈಲಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸೇನೆಯ ಉಡುಪಿನಲ್ಲಿ ಕುಳಿತ ಯಜಮಾನ, ಕೂಸನ್ನು ಹಿಡಿದ ಫೈಜ್ ಬಕ್ಷ್, ಬಳಿಯಲ್ಲಿ ಮಕ್ಕಳು, ಸುತ್ತ ಮನೆಯ ಹೆಂಗಸರು. ಮುಚ್ಚಿಡಬೇಕಾದ ಸಂಬಂಧವೆಂದು ತಿಳಿದವನು ಹೀಗೆ ಚಿತ್ರ ಬರೆಸುವುದಿಲ್ಲ.

ಆದರೆ ಸತ್ಯದ ಇನ್ನೊಂದು ಮುಖವನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ, ಯಾಜಕನ ಧರ್ಮವಂತೂ ಅಲ್ಲ. ಜನರಲ್ ಪಾಲ್ಮರನಿಗೆ ಅದಕ್ಕೂ ಮೊದಲು ಮದುವೆಯಾಗಿತ್ತು. ವೆಸ್ಟ್ ಇಂಡೀಸಿನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಸಾರಾ ಹೇಜೆಲ್ ಎಂಬಾಕೆಯನ್ನು ವರಿಸಿ, ಆಕೆಯಿಂದ ಮಕ್ಕಳನ್ನು ಪಡೆದು, ಆಕೆಯನ್ನು ಹಿಂದೆ ಬಿಟ್ಟು ಆತ ಭಾರತಕ್ಕೆ ಬಂದಿದ್ದನು. ಕಲ್ಕತ್ತೆಯ ದೊಡ್ಡ ವರ್ತಕನೆಂದು ಹೆಸರಾದ ಜಾನ್ ಪಾಲ್ಮರ್ ಸಾರಾಳ ಮಗ. ಫೈಜ್ ಬಕ್ಷಳ ಬಾಳಿನ ಕಥೆ ಹೇಳುವವರು ಸಾರಾಳ ಒಂಟಿತನವನ್ನು ಅಡಿಟಿಪ್ಪಣಿಗೆ ತಳ್ಳಿದರೆ, ಒಬ್ಬ ಹೆಣ್ಣಿಗೆ ನ್ಯಾಯ ಮಾಡುವ ಭರದಲ್ಲಿ ಇನ್ನೊಬ್ಬಳಿಗೆ ಅನ್ಯಾಯ ಮಾಡಿದಂತೆ.

ಜನರಲ್ ಪಾಲ್ಮರ್ 1816ರಲ್ಲಿ ತೀರಿಕೊಂಡನು. ತನ್ನ ಮರಣಶಾಸನದಲ್ಲಿ ಫೈಜ್ ಬಕ್ಷಳನ್ನು ಮೂವತ್ತೈದು ವರ್ಷಗಳಿಗೂ ಮಿಗಿಲಾದ ಕಾಲ ತನಗೆ ಪ್ರೀತಿಯ ಗೆಳತಿಯೂ ಸಂಗಾತಿಯೂ ಆಗಿದ್ದವಳೆಂದು ನೆನೆದು, ಆಕೆಯ ಜೀವನಕ್ಕೆ ಏರ್ಪಾಡು ಮಾಡಿದನು. ‘ಹೆಂಡತಿ’ ಎಂಬ ಒಂದು ಪದವನ್ನು ಮಾತ್ರ ಬಳಸಲಿಲ್ಲ. ಆಕೆ ಹೈದರಾಬಾದಿನಲ್ಲಿ 1828ರಲ್ಲಿ ನಿಧನಳಾದಳು. ಆಕೆಯ ಹೆಸರು ನಮ್ಮವರೆಗೆ ಬಂದುದು ವಿವಾಹ ದಾಖಲೆಯ ಮೂಲಕವಲ್ಲ. ಒಂದು ಚಿತ್ರ, ಒಂದು ಪದವಿ, ಒಂದು ಮರಣಶಾಸನ ಇವುಗಳ ಮೂಲಕ.

3. ಕೊರ್ನೇಲಿಯಾ: ದಾಖಲೆಯುಳ್ಳ ಮದುವೆ

ಇದಕ್ಕೆ ಎದುರಾಗಿ ಡಚ್ಚರ ವಸಾಹತಿನ ಒಂದು ಉದಾಹರಣೆಯನ್ನು ಇಡೋಣ. ಡಚ್ಚರು ನಮ್ಮ ನೆಲಕ್ಕೆ ತೀರ ದೂರದವರಲ್ಲ. 1637ರಲ್ಲಿ ಅವರ ರಾಯಭಾರಿ ಯೋಹಾನ್ ಫಾನ್ ಟ್ವಿಸ್ಟ್ ಬಿಜಾಪುರದ ಆದಿಲ್ ಶಾಹಿ ದರ್ಬಾರಿಗೆ ಬಂದನು. ಆ ಸುಲ್ತಾನರ ಸೀಮೆಯ ವೆಂಗುರ್ಲಾದಲ್ಲಿ ಅವರ ವ್ಯಾಪಾರ ಕೋಠಿ ನೆಲೆಗೊಂಡಿತು. ಮುದಗಲ್ಲು ಆಗ ಅದೇ ಸುಲ್ತಾನರ ಕೋಟೆ. ಅದೇ 1637ರಲ್ಲಿ ಜಪಾನಿನ ಹಿರಾಡೊದಿಂದ ಎಂಟು ವರ್ಷದ ಬಾಲಕಿಯೊಬ್ಬಳನ್ನು ಡಚ್ಚರು ಜಾವಾದ್ವೀಪದ ಬಟಾವಿಯಕ್ಕೆ, ಎಂದರೆ ಇಂದಿನ ಜಕಾರ್ತಕ್ಕೆ, ಕರೆದೊಯ್ದರು. ಅವಳೇ ಕೊರ್ನೇಲಿಯಾ ಫಾನ್ ನೈಯೆನ್‌ರೋಡೆ.

ತಂದೆ ಕೊರ್ನೇಲಿಸ್ ಹಿರಾಡೊದ ಡಚ್ ಕೋಠಿಯ ಮುಖ್ಯಸ್ಥ; 1633ರಲ್ಲಿ ಅಲ್ಲಿಯೇ ತೀರಿಕೊಂಡಿದ್ದನು. ತಾಯಿ ಸುರಿಶಿಯಾ ಎಂಬ ಜಪಾನೀ ಹೆಣ್ಣು. ಅವರಿಬ್ಬರದೂ ಚರ್ಚಿನ ಮದುವೆಯಲ್ಲ. ಕ್ರೈಸ್ತ ಧರ್ಮವನ್ನು ನಿಷೇಧಿಸಿದ್ದ ಜಪಾನಿನಲ್ಲಿ ತಾಯಿ ಉಳಿದಳು. ಮಗಳು ಕ್ರೈಸ್ತಳಾಗಿ ಬಟಾವಿಯದಲ್ಲಿ ಬೆಳೆದಳು. ಡಚ್ ಕಂಪನಿಯ ನಿಯಮದಂತೆ ಕ್ರೈಸ್ತನು ಅಕ್ರೈಸ್ತಳನ್ನು ವರಿಸುವಂತಿರಲಿಲ್ಲ. ಆದ್ದರಿಂದ ಏಷ್ಯಾದ ತಾಯಿಯ ಮಗಳಿಗೆ ದೀಕ್ಷಾಸ್ನಾನವು ವಿಶ್ವಾಸದ ಬಾಗಿಲಾಗಿದ್ದಂತೆಯೇ ವಿವಾಹದ ಬಾಗಿಲೂ, ಆ ಸಮಾಜದಲ್ಲಿ ಮನುಷ್ಯಳೆಂದು ಎಣಿಸಲ್ಪಡುವ ಬಾಗಿಲೂ ಆಗಿತ್ತು.

1652ರಲ್ಲಿ ಆಕೆ ಕಂಪನಿಯ ಅಧಿಕಾರಿ ಪೀಟರ್ ಕ್ನೋಲನನ್ನು ಮದುವೆಯಾದಳು. ಹತ್ತು ಮಕ್ಕಳು ಹುಟ್ಟಿದರು. ಹೆಚ್ಚಿನವರು ಎಳೆಯ ಪ್ರಾಯದಲ್ಲೇ ತೀರಿಕೊಂಡರು. 1665ರಲ್ಲಿ ಯಾಕೊಬ್ ಕೂಮನ್ ಬರೆದ ಈ ಕುಟುಂಬದ ಚಿತ್ರ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ರೇಷ್ಮೆ, ಮುತ್ತುಗಳನ್ನು ತೊಟ್ಟ ಗಂಡಹೆಂಡಿರು, ಇಬ್ಬರು ಹೆಣ್ಣುಮಕ್ಕಳು. ಹಿಂದೆ ಇಬ್ಬರು ಗುಲಾಮರು. ಆ ಮನೆಯ ಸಿರಿ ಯಾರ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ಚಿತ್ರಕಾರನ ಕುಂಚ ಹೇಳಿಬಿಟ್ಟಿದೆ. ಇಷ್ಟು ವೈಭವದ ನಡುವೆಯೂ ಕೊರ್ನೇಲಿಯಾ ಹಿರಾಡೊದಲ್ಲಿದ್ದ ತಾಯಿಯನ್ನು ಮರೆಯಲಿಲ್ಲ. 1663 ಮತ್ತು 1671ರಲ್ಲಿ ಆಕೆಯ ಕಡೆಯಿಂದ ಹೋದ ಪತ್ರಗಳು ಉಳಿದುಬಂದಿವೆ. ಯಾವ ಚರ್ಚಿನ ಪುಸ್ತಕವೂ ಸುರಿಶಿಯಾಳನ್ನು ಪತ್ನಿಯೆಂದು ಬರೆಯಲಿಲ್ಲ. ಮಗಳು ಅವಳನ್ನು ತಾಯಿಯೆಂದು ಬರೆದಳು.

ಕ್ನೋಲ್ 1672ರಲ್ಲಿ ತೀರಿಕೊಂಡನು. 1676ರಲ್ಲಿ ಸಿರಿವಂತ ವಿಧವೆಯಾದ ಕೊರ್ನೇಲಿಯಾ, ಹಾಲೆಂಡಿನಿಂದ ಹೊಸತಾಗಿ ಬಂದಿದ್ದ ವಿಧುರ ನ್ಯಾಯವಾದಿ ಯೋಹಾನ್ ಬಿಟರನನ್ನು ಮದುವೆಯಾದಳು. ಆತ ಬಟಾವಿಯದ ನ್ಯಾಯಾಲಯದ ಸದಸ್ಯ. ಆಸ್ತಿ ಬೇರೆಯಾಗಿಯೇ ಉಳಿಯಬೇಕೆಂದು ಮದುವೆಗೆ ಮುನ್ನ ಕರಾರಾಗಿತ್ತು. ಆದರೆ ಅಂದಿನ ಡಚ್ ಕಾನೂನಿನಲ್ಲಿ ಗಂಡನೇ ಹೆಂಡತಿಯ ಪೋಷಕ. ಅವನ ಅನುಮತಿಯಿಲ್ಲದೆ ಅವಳು ವ್ಯವಹರಿಸುವಂತಿಲ್ಲ. ಕಾನೂನು ಬಲ್ಲ ಗಂಡ ಆ ಅಧಿಕಾರವನ್ನು ಪೂರ್ತಿಯಾಗಿ ಬಳಸಿಕೊಂಡನು. ಜಗಳ, ಹಿಂಸೆಯ ದೂರು, ಕಳ್ಳತನದಿಂದ ಸಾಗಿಸಿದ ವಜ್ರಗಳು, ದಾವೆಯ ಮೇಲೆ ದಾವೆ. ಚರ್ಚಿನ ಹಿರಿಯರ ಮಂಡಳಿ ರಾಜಿ ಮಾಡಿಸಲು ಯತ್ನಿಸಿತು. ಕೊನೆಗೆ ವ್ಯಾಜ್ಯ ಹಾಲೆಂಡಿಗೇ ಹೋಯಿತು. ಸುಮಾರು ಅರವತ್ತರ ಪ್ರಾಯದಲ್ಲಿ ಆಕೆ ತಾನೆಂದೂ ಕಾಣದ ತಂದೆಯ ದೇಶಕ್ಕೆ ಹಡಗೇರಿದಳು. 1691ರಲ್ಲಿ ಹಾಲೆಂಡಿನ ಉಚ್ಚ ನ್ಯಾಯಾಲಯ ತೀರ್ಪಿತ್ತಿತು: ಆಕೆ ಗಂಡನೊಡನೆ ಬಾಳಬೇಕು, ಆಕೆಯ ಆಸ್ತಿಯ ಆದಾಯದಲ್ಲಿ ಅರ್ಧ ಗಂಡನಿಗೆ ಸಲ್ಲಬೇಕು. ಆ ಬಳಿಕ ಆಕೆಯ ಸುಳಿವು ದಾಖಲೆಗಳಿಂದ ಮರೆಯಾಗುತ್ತದೆ.

ಹದಿನೈದು ವರ್ಷಗಳ ಈ ಹೋರಾಟದ ಫಲವಾಗಿ ಆಕೆಯ ಬದುಕು ಕಾಗದಪತ್ರಗಳಲ್ಲಿ ಸವಿಸ್ತಾರವಾಗಿ ಉಳಿಯಿತು. ಡಚ್ ಇತಿಹಾಸಕಾರ ಲೆಯೊನಾರ್ಡ್ ಬ್ಲುಸ್ಸೆ ಅವರು ಆಕೆಯ ಚರಿತ್ರೆಯನ್ನು ಪುಸ್ತಕವಾಗಿ ಬರೆಯಲು ಸಾಧ್ಯವಾದುದು ಇದರಿಂದಲೇ. ಸುಖವಾಗಿ ಬಾಳಿದ್ದರೆ ಆಕೆಯೂ ‘ಇಂಥವನ ಹೆಂಡತಿ’ ಎಂಬಷ್ಟಕ್ಕೇ ಮುಗಿಯುತ್ತಿದ್ದಳೇನೋ.

4. ಧರ್ಮಸಭೆಯ ಕಾನೂನಿನ ಬೆಳಕಿನಲ್ಲಿ

ಈಗ ನಮ್ಮ ಪ್ರಶ್ನೆಗೆ ಬರೋಣ. ವಿವಾಹವನ್ನು ಆಗಿಸುವುದು ಯಾವುದು? ಈಗಿನ ಕಾನೂನು ಸಂಹಿತೆಯ 1057ನೆಯ ವಿಧಿ ಸ್ಪಷ್ಟವಾಗಿದೆ: ಕಾನೂನಿನಂತೆ ಯೋಗ್ಯರಾದ ಇಬ್ಬರು ಕ್ರಮಬದ್ಧವಾಗಿ ಪ್ರಕಟಿಸಿದ ಸಮ್ಮತಿ. ದಾಖಲೆಯು ಆ ಸಮ್ಮತಿಗೆ ಸಾಕ್ಷಿ, ಅದರ ಮೂಲವಲ್ಲ. ಗುಟ್ಟಿನ ಮದುವೆಗಳಿಂದ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ವಂಚನೆಯನ್ನು ಕಂಡೇ ಟ್ರೆಂಟ್ ಮಹಾಸಭೆ 1563ರಲ್ಲಿ ಧರ್ಮಕೇಂದ್ರದ ಗುರು ಮತ್ತು ಸಾಕ್ಷಿಗಳ ಸಮಕ್ಷಮವನ್ನು ಕಡ್ಡಾಯ ಮಾಡಿ, ವಿವಾಹ ದಾಖಲೆ ಪುಸ್ತಕವನ್ನು ಇಡಬೇಕೆಂದಿತು. ಮೂಲದಲ್ಲಿ ಈ ಪುಸ್ತಕ ದುರ್ಬಲರ ರಕ್ಷಣೆಗೆ ಹುಟ್ಟಿದ್ದು ಎಂಬುದನ್ನು ನಾವು ಮರೆಯಬಾರದು.

ಪ್ರಾಟೆಸ್ಟಂಟರ ಮದುವೆಗಳ ಪ್ರಶ್ನೆ ಎದ್ದಾಗ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು 1741ರಲ್ಲಿ ಹಾಲೆಂಡಿಗೆಂದೇ ಒಂದು ಘೋಷಣೆ ಹೊರಡಿಸಿದರು. ಟ್ರೆಂಟಿನ ವಿಧಿ ಪಾಲಿಸದಿದ್ದರೂ, ಬೇರೆ ಅಡ್ಡಿಯಿಲ್ಲದಿದ್ದರೆ, ಅಲ್ಲಿಯ ಪ್ರಾಟೆಸ್ಟಂಟರ ವಿವಾಹಗಳು ಸಿಂಧುವೆಂದು ಅದು ಸಾರಿತು. ಈ ಧೋರಣೆಯಿಂದ ನೋಡಿದರೆ ಕೊರ್ನೇಲಿಯಾ ಮತ್ತು ಬಿಟರರದು ದೀಕ್ಷಾಸ್ನಾನ ಪಡೆದ ಇಬ್ಬರ ವಿವಾಹ, ಸಿಂಧುವೆಂದೇ ಭಾವಿಸಬೇಕಾದದ್ದು. ಆದರೂ ಇಂದಿನ ಧರ್ಮಸಭೆಯ ನ್ಯಾಯಮಂಡಳಿ ಅಂದಿನ ನ್ಯಾಯಾಲಯ ಕೇಳದ ಪ್ರಶ್ನೆಗಳನ್ನು ಕೇಳುತ್ತದೆ. ಬಿಟರನ ಸಮ್ಮತಿಯಲ್ಲಿ ಬಾಳಸಂಗಾತಿಗೆ ಸ್ಥಾನವಿತ್ತೋ, ತಿಜೋರಿಗೆ ಮಾತ್ರವೋ? ವಂಚನೆಯಿಂದ ಪಡೆದ ಸಮ್ಮತಿಯ ಕುರಿತು 1098ನೆಯ ವಿಧಿ 1983ರ ಸಂಹಿತೆಯಲ್ಲಿ ಹೊಸತಾಗಿ ಸೇರಿತು. ಬಂಧ ಉಳಿದಿದ್ದರೂ, ಸಂಗಾತಿಯಿಂದ ಗಂಭೀರ ಅಪಾಯವಿರುವಾಗ ಬೇರೆಯಾಗಿ ಬಾಳಲು 1153ನೆಯ ವಿಧಿ ಅವಕಾಶ ಕೊಡುತ್ತದೆ. ‘ಗಂಡನ ಮನೆಗೆ ಹೋಗು’ ಎಂಬುದು ಕ್ರೈಸ್ತ ವಿವಾಹ ಸಿದ್ಧಾಂತದ ಕೊನೆಯ ಮಾತಲ್ಲ.

ಪಾಲ್ಮರ್ ಮತ್ತು ಫೈಜ್ ಬಕ್ಷರ ವಿಷಯ ಬೇರೆ. ದೀಕ್ಷಾಸ್ನಾನ ಪಡೆದವರು ಪಡೆಯದವರನ್ನು ವರಿಸುವುದಕ್ಕಿದ್ದ ಅಡ್ಡಿ 1917ರ ಸಂಹಿತೆಗೆ ಮುನ್ನ ಎಲ್ಲ ಕ್ರೈಸ್ತರಿಗೂ ಅನ್ವಯಿಸುತ್ತಿತ್ತು. ಆ ಸಂಹಿತೆ ಅದನ್ನು ಕಥೋಲಿಕರಿಗೆ ಸೀಮಿತಗೊಳಿಸಿತು. ಎಂದರೆ ಈ ಒಂದು ಅಡ್ಡಿಯ ಮಟ್ಟಿಗೆ, ಅಂದು ಅಸಿಂಧುವಾಗಿದ್ದುದು ಇಂದು ಹಾಗಿರಬೇಕಾಗಿಲ್ಲ. ಆದರೆ ಸಾರಾಳೊಂದಿಗಿನ ಮೊದಲ ವಿವಾಹಬಂಧವೆಂಬ ಅಡ್ಡಿ ಯಾವ ಸಂಹಿತೆಯಿಂದಲೂ ಸಡಿಲವಾಗುವುದಿಲ್ಲ. ಆದ್ದರಿಂದ ಆ ಬಾಂಧವ್ಯವನ್ನು ನಾವು ವಿವಾಹವೆಂದು ಕರೆಯಲಾರೆವು. ಹಾಗೆಂದ ಮಾತ್ರಕ್ಕೆ ಫೈಜ್ ಬಕ್ಷ್ ತಾಯಿಯಲ್ಲ, ಅಜ್ಜಿಯಲ್ಲ ಎನ್ನಲಾದೀತೆ? ಬಂಧದ ಸಿಂಧುತ್ವ ಒಂದು ಪ್ರಶ್ನೆ. ಆ ಹೆಣ್ಣಿನ ಅಸ್ತಿತ್ವ ಇನ್ನೊಂದು. ಮೊದಲನೆಯದಕ್ಕೆ ‘ಇಲ್ಲ’ ಎಂದುತ್ತರಿಸಿದ ಲೇಖನಿ ಎರಡನೆಯದನ್ನೂ ಅಳಿಸಿಹಾಕಿತು. ತಪ್ಪು ನಡೆದದ್ದು ಇಲ್ಲಿ.

5. 1872: ಒಂದು ಕಾದಂಬರಿ, ಒಂದು ಕಾಯಿದೆ

ಟೇಲರ್ ತನ್ನ ಮುಪ್ಪಿನಲ್ಲಿ, 1872ರಲ್ಲಿ, ‘ಸೀತಾ’ ಎಂಬ ಕಾದಂಬರಿ ಪ್ರಕಟಿಸಿದನು. ಆಂಗ್ಲ ಅಧಿಕಾರಿಯೊಬ್ಬ ಅಕ್ಕಸಾಲಿಗನ ವಿಧವೆಯಾದ ಹಿಂದೂ ತರುಣಿಯನ್ನು ಹಿಂದೂ ವಿಧಿಯಂತೆ ವರಿಸುತ್ತಾನೆ. ಈ ಮದುವೆ ಮದುವೆಯೇ ಎಂದು ಆತನ ಜನ ಕೇಳುತ್ತಾರೆ. ಸೀತಾ ಕ್ರಿಸ್ತನತ್ತ ಒಲಿಯುತ್ತಾಳಾದರೂ ದೀಕ್ಷಾಸ್ನಾನಕ್ಕೆ ಮುನ್ನವೇ ಗಂಡನನ್ನು ಉಳಿಸಲು ಹೋಗಿ ಪ್ರಾಣ ಬಿಡುತ್ತಾಳೆ. ಟೇಲರನ ಹೆಂಡತಿ ಫೈಜ್ ಬಕ್ಷಳ ಮೊಮ್ಮಗಳೆಂಬುದನ್ನು ನೆನೆದು ಓದಿದರೆ, ಆ ಪ್ರಶ್ನೆ ಆತನಿಗೆ ಕಥೆಗಾಗಿ ಹೊಳೆದ ಪ್ರಶ್ನೆ ಮಾತ್ರವಾಗಿರಲಿಲ್ಲವೆಂದು ನಮಗೆ ತೋರುತ್ತದೆ. ಆತ್ಮಕಥನದಲ್ಲಿ ಬಿಡಿಸಿ ಹೇಳದುದನ್ನು ಆತ ಕಾದಂಬರಿಯಲ್ಲಿ ಕೇಳಿರಬೇಕು.

ಅದೇ 1872ರಲ್ಲಿ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಬಂದಿತು. ಅದರ ಅನುಸೂಚಿಯಲ್ಲಿರುವ ದಾಖಲೆಯ ನಮೂನೆಯಲ್ಲಿ ಹೆಸರು, ವಯಸ್ಸು, ಸ್ಥಿತಿ, ಉದ್ಯೋಗ, ವಾಸಸ್ಥಳ, ತಂದೆಯ ಹೆಸರು, ಸಾಕ್ಷಿಗಳ ಸಹಿ ಎಲ್ಲಕ್ಕೂ ಸ್ಥಳವಿದೆ. ತಾಯಿಯ ಹೆಸರಿಗಿಲ್ಲ. ಆದರೆ ಕಥೋಲಿಕ ಮದುವೆಗಳನ್ನು ಆಯಾ ಧರ್ಮಪ್ರಾಂತದ ಧರ್ಮಾಧ್ಯಕ್ಷರು ಸೂಚಿಸಿದ ನಮೂನೆಯಲ್ಲಿ ದಾಖಲಿಸಬೇಕೆಂದು ಅದೇ ಕಾಯಿದೆಯ 30ನೆಯ ಕಲಮು ಹೇಳುತ್ತದೆ. ಸಂಹಿತೆಯ 1121ನೆಯ ವಿಧಿ ಕೇಳುವುದು ವಧೂವರರು, ಗುರು, ಸಾಕ್ಷಿಗಳು, ಸ್ಥಳ, ದಿನಾಂಕ ಇಷ್ಟನ್ನು. ಹೆಚ್ಚಿನದನ್ನು ಬರೆಯಬಾರದೆಂದು ಅದು ಹೇಳಿಲ್ಲ. ದೀಕ್ಷಾಸ್ನಾನದ ದಾಖಲೆಯ ಕುರಿತಾದ 877ನೆಯ ವಿಧಿಯಂತೂ ತಂದೆತಾಯಿ ಇಬ್ಬರ ಹೆಸರನ್ನೂ ಕೇಳುತ್ತದೆ; ಅವಿವಾಹಿತ ತಾಯಿಯ ಮಗುವಿನ ವಿಷಯದಲ್ಲಿ, ತಾಯ್ತನ ಬಹಿರಂಗವಾಗಿ ತಿಳಿದಿದ್ದರೆ ಅಥವಾ ಆಕೆಯೇ ಕೇಳಿಕೊಂಡರೆ, ಆಕೆಯ ಹೆಸರು ಬರೆಯಲೇಬೇಕೆನ್ನುತ್ತದೆ. ಕಾನೂನು ನಮ್ಮ ಕೈ ಕಟ್ಟಿಲ್ಲ. ಕಟ್ಟಿರುವುದು ರೂಢಿ.

ಉಪಸಂಹಾರ

ಸಂತ ಮತ್ತಾಯರು ತಮ್ಮ ಶುಭಸಂದೇಶವನ್ನು ವಂಶಾವಳಿಯಿಂದ ಆರಂಭಿಸುತ್ತಾರೆ. ತಂದೆಯಿಂದ ಮಗನಿಗೆ ಸಾಗುವ ಆ ಪಟ್ಟಿಯಲ್ಲಿ ತಾಮಾರ್, ರಾಹಾಬ್, ರೂತ್ ಹೆಸರುಗಳು ಬರುತ್ತವೆ. ನಾಲ್ಕನೆಯವಳು ‘ಊರೀಯನ ಹೆಂಡತಿ’ ಎಂದು ಮಾತ್ರ ಬರುತ್ತಾಳೆ. ಅವರ ಬಾಂಧವ್ಯಗಳಲ್ಲಿ ಕಾನೂನಿನ ತೂಕಕ್ಕೆ ಸುಲಭವಾಗಿ ನಿಲ್ಲದವೂ ಇವೆ. ಆದರೂ ಶುಭಸಂದೇಶಕಾರರು ಅವರನ್ನು ಬಿಡಲಿಲ್ಲ. ಪಾಪವನ್ನು ಒಪ್ಪವಿಟ್ಟು ತೋರಿಸಲೂ ಇಲ್ಲ. ಆ ಸಾಲಿನ ಕೊನೆಗೆ ಮರಿಯಳ ಹೆಸರಿದೆ. ಯೇಸು ಹುಟ್ಟಿದ್ದು ಆಕೆಯಲ್ಲ ಎನ್ನಲು ಯಾವ ಲೇಖನಿಗೂ ಸಾಧ್ಯವಿಲ್ಲ.

ಮಸ್ಕಿಯ ಬಂಡೆಯನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ. ಬೇರೆಡೆಗಳ ಶಾಸನಗಳಲ್ಲಿ ಬಿರುದಿನಿಂದಷ್ಟೇ ಗುರುತಾಗಿದ್ದ ಅರಸನು ಅಶೋಕನೇ ಎಂಬುದು 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಶಾಸನದಿಂದ ಖಚಿತವಾಯಿತು. ಒಂದು ಹೆಸರು ಸಿಕ್ಕಿದ್ದರಿಂದ ಎಷ್ಟೋ ಶಾಸನಗಳ ಒಡೆಯ ಯಾರೆಂದು ತಿಳಿಯಿತು. ‘ಇಂಥವನ ಮಗಳು, ಇಂಥವನ ಹೆಂಡತಿ’ ಎಂಬ ಬಿರುದುಗಳ ಹಿಂದೆಯೂ ಹೆಸರುಗಳಿವೆ.

ಸಿಂಧನೂರಿನ ಕ್ಯಾಂಪಿನಿಂದ ಮಗಳ ಮದುವೆಯ ಕಾಗದ ಹಿಡಿದು ಬರುವ ತಾಯಿಯನ್ನು ಮುಂದಿನ ಸಲ ನಾವು ಕಂಡಾಗ, ಆಕೆಯ ಹೆಸರನ್ನೂ ಆಕೆಯ ತವರೂರನ್ನೂ ಕೇಳಿ ಬರೆದುಕೊಳ್ಳೋಣ. ನಮೂನೆಯಲ್ಲಿ ಜಾಗವಿಲ್ಲದಿದ್ದರೆ ಷರಾ ಬರೆಯುವ ಅಂಚು ಇದ್ದೇ ಇದೆ. ನಮ್ಮ ಗುರುಮಠದ ವಿದ್ಯಾರ್ಥಿಗಳು ಮುಂದೆ ಧರ್ಮಕೇಂದ್ರಗಳ ಹೊಣೆ ಹೊತ್ತಾಗ ಈ ಅಭ್ಯಾಸವನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಲಿ ಎಂದು ಬಯಸುತ್ತೇವೆ.